ಹುಕುಂ ಬರುವ ಮೊದಲು

ಮೊನ್ನೆ ಮಗಳ ಮನೆಯಲ್ಲಿ ಗುರೆಳ್ಳು ಹುರಿಯುತ್ತಿದ್ದರು. ಆ ಕಮ್ಮನೆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಆಯಿ ನೆನಪಾದರು. ಮುದಗಲ್ಲಿನಿಂದ ನಾನು ಸೊಸೆಯಾಗಿ ಸಿಂಧನೂರಿನ ಅಂಚಿನ ಹಳ್ಳಿಗೆ ಬಂದಾಗ, ಗುರೆಳ್ಳು ಪುಡಿ ಕೊಟ್ಟು ಮೊದಲು ಮಾತಾಡಿಸಿದವರು ಅವರೇ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಬೈಯದ ದಿನ ಆಯಿಗೆ ಮೈ ಸರಿಯಿಲ್ಲ ಎಂದೇ ನಾವು ತಿಳಿಯುತ್ತಿದ್ದೆವು.

ತೊಂಬತ್ತರ ದಶಕದ ಮೊದಲ ವರ್ಷಗಳು. ಸಿಂಧನೂರು ಬೆಳೆದು ಬೆಳೆದು ನಮ್ಮ ಹೊಲದ ಬದುವಿಗೆ ಬಂದು ನಿಂತಿತ್ತು. ನಮ್ಮೂರನ್ನೂ ಪುರಸಭೆಗೆ ಸೇರಿಸುತ್ತಾರೆಂಬ ಸುದ್ದಿ ಹಬ್ಬಿತು.

"ನಾವಿನ್ನ ವಾರ್ಡ್ ಆಗ್ತೀವಂತ್ರಿ ಆಯಿ" ಎಂದೆ.

ಆಯಿ ಕಂಡಿದ್ದ ವಾರ್ಡ್ ಒಂದೇ, ಅವರ ಯಜಮಾನರು ಕಣ್ಣು ಮುಚ್ಚಿದ ದವಾಖಾನೆಯದು. "ಊರಿಗೂರೇ ದವಾಖಾನಿಗೆ ಹಾಕ್ತಾರೇನಬೇ? ಯಾರಿಗೇನಾಗೈತಿ?" ಎಂದು ಹೌಹಾರಿದರು. ನಾನು ನಕ್ಕು ನಕ್ಕು ಸುಸ್ತಾದೆ.

ಆದರೆ ಅಂಜಿಕೆ ಎಲ್ಲರಿಗೂ ಇತ್ತು. ಮನೆಪಟ್ಟಿ ಏರುತ್ತದೆ, ಬೀದಿಯಲ್ಲಿ ಎಮ್ಮೆ ಕಟ್ಟಲು ಬಿಡುವುದಿಲ್ಲ, ತಿಪ್ಪೆ ಎತ್ತಿಸುತ್ತಾರೆ... ಆಯಿಯದು ಬೇರೆ. ಯಜಮಾನರನ್ನು ಮಣ್ಣು ಮಾಡಿದ್ದು ಮನೆ ಹಿಂದಿನ ಸ್ವಂತ ಹೊಲದಲ್ಲಿ. ಪಕ್ಕದಲ್ಲೇ ತಮಗೂ ಜಾಗ ಬಿಟ್ಟುಕೊಂಡಿದ್ದರು. ಅಲ್ಲಿ ಒಂದು ಮೆಣಸಿನ ಸಸಿ ಹಚ್ಚಲೂ ಮಕ್ಕಳನ್ನು ಬಿಡುತ್ತಿರಲಿಲ್ಲ. ಊರು ಪುರಸಭೆಗೆ ಸೇರಿದರೆ ಹೊಲದಲ್ಲಿ ಹೂಳುವಂತಿಲ್ಲ, ರುದ್ರಭೂಮಿಗೇ ಒಯ್ಯಬೇಕು ಎಂದು ಯಾರೋ ಅವರ ಕಿವಿಗೆ ಹಾಕಿದ್ದರು.

ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸಭೆ ಕೂಡಿತು. ತಕರಾರು ಬರೆದುಕೊಳ್ಳಲು ಸಾಹೇಬರೊಬ್ಬರು ಬಂದಿದ್ದರು. ಗಂಡಸರು ಮನೆಪಟ್ಟಿ, ನಳ ಎಂದು ಕೂಗಾಡುತ್ತಿರುವಾಗ ಆಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಸಾಹೇಬ್ರ, ಹುಕುಂ ಯಾವಾಗ ಬರ್ತೈತ್ರಿ?"

"ಈಗ ಹೇಳಾಕ ಬರಂಗಿಲ್ಲಮ್ಮ. ಯಾಕ?"

"ತಾರೀಖು ಹೇಳ್ರಿ, ಅದರ ಹಿಂದಿನ ದಿನ ಸಾಯ್ತೀನಿ. ಆವಾಗ ನನ್ನ ಹೊಲದಾಗ ಹೂಳಾಕ ನಿಮ್ಮದೇನೂ ತಕರಾರಿಲ್ಲಲ್ರಿ?"

ಕಟ್ಟೆಯೆಲ್ಲ ಗೊಳ್ಳೆಂದಿತು. ಸಾಹೇಬರೂ ನಕ್ಕರು, ನಾನೂ ನಕ್ಕೆ. ಆಯಿ ಉತ್ತರಕ್ಕಾಗಿ ಸ್ವಲ್ಪ ಹೊತ್ತು ನಿಂತೇ ಇದ್ದರು... ಆಮೇಲೆ ಕೂತರು.

ಹುಕುಂ ಬಂತು. ನಳ ಬಂತು, ಬೀದಿದೀಪವೂ ಬಂತು, ಸುಳ್ಳು ಹೇಳಬಾರದು. ಆಯಿ ಮತ್ತೂ ಐದಾರು ವರ್ಷ ಗಟ್ಟಿಯಾಗಿದ್ದರು. ಆರಾಮಿದ್ದೀರಾ ಎಂದರೆ, "ಆರಾಮಿದ್ದದ್ದೇ ತಪ್ಪಾತು ನೋಡು" ಎನ್ನುತ್ತಿದ್ದರು.

ಅವರು ತೀರಿಕೊಂಡ ದಿನ ಮಕ್ಕಳು ಹೊಲದಲ್ಲಿ ಕುಣಿ ತೋಡಲು ಹೊರಟರು. ನಾಳೆ ತಂಟೆಯಾಗುತ್ತದೆ ಎಂದು ಓಣಿಯ ಹಿರಿಯರೇ ತಡೆದು, ರುದ್ರಭೂಮಿಗೆ ಒಯ್ಯಿಸಿದರು. ಬೇಡ, ಆಯಿಯ ಮಾತು ನಡೆಸಿಕೊಡಿ ಎಂದು ಹೇಳಬೇಕೆನಿಸಿತು. ಹೊಸ್ತಿಲಲ್ಲಿ ನಿಂತು ಅತ್ತೆನೇ ಹೊರತು ಬಾಯಿ ಬಿಡಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಗುರೆಳ್ಳಿನ ವಾಸನೆ ಬಂದ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ, ಪುರಸಭೆಯಲ್ಲಿ ಗುಮಾಸ್ತರಾಗಿದ್ದ ಹಳೆಯ ಪರಿಚಯದವರು ಸಿಕ್ಕರು. ತಡೆಯಲಾರದೆ ಕೇಳಿಯೇಬಿಟ್ಟೆ: ಆಗ ಅರ್ಜಿ ಕೊಟ್ಟಿದ್ದರೆ ಸ್ವಂತ ಹೊಲದಲ್ಲಿ ಹೂಳಲು ಬಿಡುತ್ತಿದ್ದರೇ?

"ಯಾರಿಗೊತ್ತಮ್ಮ? ಬಿಡ್ತಿದ್ರೇನೋ. ನಿಮ್ಮೂರಾಗ ಅದನ್ನ ಯಾರೂ ಕೇಳಲೇ ಇಲ್ಲಲ್ಲ" ಎಂದರು.

ಕೇಳಿದ್ದರು. ಒಬ್ಬರು ಎದ್ದು ನಿಂತು ಕೇಳಿದ್ದರು. ನಾವೆಲ್ಲ ನಕ್ಕಿದ್ದೆವು.