ಮುಖಕ್ಕೆ ಮಸುಕು, ಬೋರ್ಡಿಗಿಲ್ಲ

ನನ್ನ ಇಷ್ಟಲಿಂಗವನ್ನು ನಾನೇ ಕುದಿಯುವ ನೀರಿಗೆ ಹಾಕಿದೆ.

ಟಿವಿಯವರು ಇದನ್ನು ಹೇಳಿದ ರೀತಿ ಬೇರೆ ಇತ್ತು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಖಾನಾಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಬ್ಲೌಸು, ಫಾಲ್, ಪಿಕೊ. ಮನೆಯಲ್ಲಿ ನಾನು, ನಮ್ಮವರು, ಅತ್ತೆ. ಲಾಕ್‌ಡೌನ್ ಬಂದಾಗ ನನ್ನ ಮಷೀನು ನಿಂತಿತು, ಟಿವಿ ಶುರುವಾಯಿತು. ಅತ್ತೆಗೆ ಕಿವಿ ಮಂದ, ಹಾಗಾಗಿ ವಾಲ್ಯೂಮ್ ಪೂರ್ತಿ. ಎದ್ದರೆ ಸತ್ತವರ ಲೆಕ್ಕ, ಊಟಕ್ಕೆ ಕುಳಿತರೆ ಸತ್ತವರ ಲೆಕ್ಕ, ಹಿಂದೆ ಢಂ ಢಂ ಎನ್ನುವ ಮ್ಯೂಸಿಕ್ಕು. ಹಾಲಿನ ಪಾಕೀಟಿನ ಮೇಲೆ ವೈರಸ್, ನೋಟಿನ ಮೇಲೆ ವೈರಸ್, ಬಾಗಿಲ ಚಿಲಕದ ಮೇಲೂ ವೈರಸ್. ಎಚ್ಚರಿಕೆ ಹೇಳುವುದು ಬೇರೆ, ಎದೆ ಒಡೆಸುವುದು ಬೇರೆ. ಅವರು ಮಾಡಿದ್ದು ಎರಡನೆಯದು.

ಮೊದಲು ಕೈ ತೊಳೆಯತೊಡಗಿದೆ. ಆಗ ಎಲ್ಲರೂ ತೊಳೆಯುತ್ತಿದ್ದರು, ಯಾರಿಗೂ ಅನುಮಾನ ಬರಲಿಲ್ಲ. ಆಮೇಲೆ ನಲ್ಲಿ ತೊಳೆದೆ. ನಲ್ಲಿ ಮುಟ್ಟಿದ್ದಕ್ಕೆ ಮತ್ತೆ ಕೈ. ಬೆರಳ ಸಂದಿಯಲ್ಲಿ ಚರ್ಮ ಎದ್ದು ರಕ್ತ ಬರುತ್ತಿತ್ತು. ಇದು ಅತಿಯಾಯಿತು ಎಂದು ನನಗೇ ಗೊತ್ತಿತ್ತು. ಗೊತ್ತಿದ್ದೂ ಬಿಡಲು ಆಗುತ್ತಿರಲಿಲ್ಲ. ಈ ಕಾಯಿಲೆಯ ಹಿಂಸೆ ಇರುವುದೇ ಅಲ್ಲಿ, ಬುದ್ಧಿ ಒಂದು ಹೇಳುತ್ತಿರುತ್ತದೆ, ಕೈ ಅದರ ಮಾತು ಕೇಳುವುದಿಲ್ಲ.

ಒಂದು ಮುಂಜಾನೆ ಪೂಜೆಗೆ ಕುಳಿತು, ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಹಿಂದಿನ ದಿನ ಹಾಲಿನವನು ಮಾಸ್ಕಿಲ್ಲದೆ ಕೆಮ್ಮಿದ್ದು ನೆನಪಾಯಿತು. ಎದ್ದು ಹೋಗಿ ನೀರು ಕುದಿಸಿ ಲಿಂಗವನ್ನು ಅದರಲ್ಲಿ ಬಿಟ್ಟೆ. ಮೇಲಿನ ಕಪ್ಪು ಲೇಪವೆಲ್ಲ ಕರಗಿತು. ಸಣ್ಣವಳಿದ್ದಾಗ ಕಟ್ಟಿದ ಲಿಂಗ, ಒಂದು ದಿನವೂ ಮೈಯಿಂದ ದೂರ ಇಟ್ಟವಳಲ್ಲ. ಪಾತ್ರೆ ಹಿಡಿದುಕೊಂಡು ಅಡುಗೆಮನೆಯಲ್ಲೇ ಕುಸಿದು ಕುಳಿತೆ. ಅಳು ಸಹ ಬರಲಿಲ್ಲ.

ನಮ್ಮವರು ಬೈಯಲಿಲ್ಲ. ಪಾಸ್ ಮಾಡಿಸಿಕೊಂಡು ಬೈಕಿನ ಮೇಲೆ ಬೆಳಗಾವಿಗೆ ಕರೆದೊಯ್ದರು. ಸೈಕಿಯಾಟ್ರಿ ಓಪಿಡಿಯಲ್ಲಿ ಡಾಕ್ಟರಮ್ಮ ನನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕ ಓಸಿಡಿ ಅಂತಾರ್ರಿ. ಜೋಡಿ ಡಿಪ್ರೆಶನ್ನೂ ಐತಿ. ಗುಳಿಗಿ ತಗೊಂಡ್ರ ಸಾವಕಾಶ ಕಡಿಮಿ ಆಗ್ತೈತಿ. ನಡುವ ಮಾತ್ರ ಬಿಡಬ್ಯಾಡ್ರಿ."

"ನನಗ ಹುಚ್ಚ ಹಿಡದೈತೇನ್ರಿ?"

"ಇಲ್ರಿ. ಜಡ್ಡ ಆಗೇತಿ. ಔಷಧ ಐತಿ."

ಗುಳಿಗೆ ಶುರುವಾಯಿತು. ನಿದ್ದೆ ಬಂತು. ಕೈಗೆ ಹಚ್ಚಿದ ಬಿಳಿ ಮುಲಾಮು ಒಣಗುವವರೆಗೂ ಸುಮ್ಮನೆ ಕೂರಲು ಕಲಿತೆ. ಅದೇ ನನಗೆ ದೊಡ್ಡದಾಗಿತ್ತು.

ಅತ್ತೆ ಲಿಂಗವನ್ನು ಮಠದ ಅಯ್ಯನವರ ಬಳಿ ಒಯ್ದರು. ಲೇಪ ಹೋದರೆ ಅವರೇ ಮತ್ತೆ ಹಚ್ಚಿಕೊಡಬೇಕು. ಹೇಗೆ ಹೋಯಿತು ಎಂದು ಅವರು ಕೇಳಿದರು, ಅತ್ತೆ ಹೇಳಿದರು. ಕಿವಿ ಮಂದ ಇದ್ದವರ ಮಾತು ಯಾವಾಗಲೂ ಜೋರು. ಕಟ್ಟೆಯ ಮೇಲೆ ಕುಳಿತಿದ್ದವರೂ ಕೇಳಿಸಿಕೊಂಡರು.

ಅದೇ ವಾರ ಬಾಗಿಲಿಗೆ ಒಬ್ಬ ಬಂದ. ಮಾಸ್ಕು, ಕೊರಳಲ್ಲಿ ಕಾರ್ಡು, ಎದೆಯ ಹತ್ತಿರ ಹಿಡಿದ ಮೊಬೈಲು. ಆ ದಿನಗಳಲ್ಲಿ ಅಂಥವರು ಬರುತ್ತಲೇ ಇದ್ದರು. ಜ್ವರ, ಕೆಮ್ಮು ಕೇಳಿ ಬರೆದುಕೊಂಡು ಹೋಗುತ್ತಿದ್ದರು. ಅತ್ತೆ ಇವನನ್ನೂ ಆರೋಗ್ಯ ಇಲಾಖೆಯವನೆಂದೇ ತಿಳಿದರು.

"ಮನ್ಯಾಗ ಯಾರಿಗರ ಆರಾಮ ಇಲ್ಲೇನ್ರಿ, ಆಯಿ?"

"ನಮ್ಮ ಸೊಸಿಗಿ ಇಲ್ರಿ, ಸಾಹೇಬ್ರ. ಪಾಪ, ಲಿಂಗಾನ ಕುದಿಸಿಬಿಟ್ಲು. ಬೆಳಗಾವ್ಯಾಗ ತೋರಿಸೇವಿ. ಕುಂದರ್ರಿ, ಚಾ ಕುಡದ ಹೋಗ್ರಿ."

ಕುಡಿದ. ಅಷ್ಟರಲ್ಲಿ ಯಾರೆಂದು ನೋಡಲು ನಾನು ಹೊರಗೆ ಬಂದೆ. ಅವನಿಗೆ ಬೇಕಾಗಿದ್ದೂ ಅದೇ.

ಮರುದಿನ ಮಧ್ಯಾಹ್ನ ಟಿವಿಯಲ್ಲಿ ನಾನಿದ್ದೆ.

‘ಕೊರೊನಾ ಹುಚ್ಚು: ಲಿಂಗವನ್ನೇ ಬೇಯಿಸಿದ ಮಹಿಳೆ!’ ನನ್ನ ಕೈಗಳ ಸುತ್ತ ಕೆಂಪು ವೃತ್ತ. ನಾನು ಬಾಗಿಲಿಗೆ ಬರುವುದನ್ನೇ ಹತ್ತು ಸಲ ಹಿಂದೆ ಮುಂದೆ ಓಡಿಸಿದರು. ಇದು ಹುಚ್ಚೋ, ಶಾಪವೋ, ವೈರಸ್ಸು ಮಿದುಳಿಗೆ ಏರಿತೋ ಎಂದು ಆಂಕರ್ ಕಿರುಚಿದ. ಕಿರುಚುವಾಗ ಅವನ ಮುಖದಲ್ಲಿ ಎಂಥ ಖುಷಿ. ಜ್ಯೋತಿಷಿಯೊಬ್ಬ ಎಲ್ಲವನ್ನೂ ಗ್ರಹಗಳ ಮೇಲೆ ಹಾಕಿದ. ಫೋನಿನಲ್ಲಿದ್ದ ಯಾರೋ ಡಾಕ್ಟರು, "ರೋಗಿಯನ್ನು ನೋಡದೆ ನಾನು ಹೇಳಲಾರೆ, ಆದರೆ ಇಂಥದ್ದಕ್ಕೆ ಚಿಕಿತ್ಸೆ..." ಎನ್ನುತ್ತಿದ್ದರು. ಅಲ್ಲಿಗೆ ಬ್ರೇಕ್.

ಮುಖಕ್ಕೆ ಮಸುಕು ಹಾಕಿದ್ದರು. ತಲೆಯ ಮೇಲಿದ್ದ ಅಂಗಡಿ ಬೋರ್ಡಿಗೆ ಹಾಕಿರಲಿಲ್ಲ.

ನಮ್ಮವರು ಚಾನೆಲ್ಲಿಗೆ ಫೋನ್ ಮಾಡಿದರು. "ಹೆಸರ ಹೇಳಿಲ್ಲಲ್ರಿ, ಮುಖಾನೂ ತೋರಿಸಿಲ್ಲ. ಮಂದಿಗಿ ಜಾಗೃತಿ ಆಗ್ಲಿ ಅಂತ ಮಾಡೇವಿ" ಎಂದು ಆ ಕಡೆಯವನು ಹೇಳಿದನಂತೆ. ಜಾಗೃತಿಯಂತೆ. ಅವರ ಜಾಗೃತಿಗಿಷ್ಟು ಬೆಂಕಿ ಹಾಕ. ಊರಿನ ಹೆಂಗಸರು ಹೊಲಿಯಲು ಕೊಟ್ಟ ಬಟ್ಟೆಗಳನ್ನು ಒಬ್ಬೊಬ್ಬರಾಗಿ ವಾಪಸು ಒಯ್ದರು. ಬಾಗಿಲಲ್ಲೇ ನಿಂತು, ನನ್ನ ಕೈ ಕಡೆ ನೋಡುತ್ತ ಒಯ್ದರು. ಅತ್ತೆ "ನನ್ನ ಬಾಯಾಗ ಹುಳಾ ಬೀಳ್ಲಿ" ಎಂದು ಹಣೆ ಬಡಿದುಕೊಂಡರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಮನೆಗೆ ಬಂದವನಿಗೆ ಚಹಾ ಕೊಟ್ಟದ್ದು ಯಾವ ಸೀಮೆಯ ತಪ್ಪು?

ನಾನು ಗುಳಿಗೆ ಬಿಟ್ಟೆ.

ಗುಳಿಗೆ ತೆಗೆದುಕೊಂಡರೆ ಟಿವಿಯವರು ಹೇಳಿದ್ದು ಖರೆ ಎಂದು ಒಪ್ಪಿಕೊಂಡ ಹಾಗೆ ಅನಿಸುತ್ತಿತ್ತು. ಓಪಿಡಿಗೆ ಹೋದರೆ ಆ ಬಾಗಿಲಲ್ಲೂ ಒಬ್ಬ ಮೊಬೈಲು ಹಿಡಿದು ನಿಂತಿರುತ್ತಾನೆ ಎಂಬ ಭಯ. ಸ್ವಲ್ಪ ದಿನಕ್ಕೇ ಬಚ್ಚಲು ಬಿಟ್ಟು ಹೊರಗೆ ಬರದಂತಾದೆ. ಸಾಬೂನು ಸಾಲದೆ ಫಿನಾಯಿಲು ಸುರಿದುಕೊಂಡೆ. ಕೈ ಕೀವಾಗಿ ತುತ್ತು ಹಿಡಿಯಲೂ ಬರದೆ, ಅತ್ತೆ ಉಣಿಸಬೇಕಾಯಿತು.

ಕಡೆಗೆ ನಮ್ಮವರು ನನ್ನನ್ನು ಎಬ್ಬಿಸಿ ಬೈಕಿಗೆ ಹತ್ತಿಸಿದರು. ಬೆಳಗಾವಿ ದಾರಿಯಲ್ಲಿ ದೇಸೂರು ದಾಟುವಾಗ ನಾನು ಕೂಗಿ ಗಾಡಿ ನಿಲ್ಲಿಸಿ ಇಳಿದುಬಿಟ್ಟೆ.

"ನಾ ಬರಂಗಿಲ್ಲ. ಅಲ್ಲಿ ಮತ್ತ ಫೋಟೋ ಹೊಡೀತಾರ."

ಅವರು ಗಾಡಿ ಬದಿಗೆ ಹಚ್ಚಿ ರಸ್ತೆಯ ಅಂಚಿನಲ್ಲಿ ಕುಳಿತರು. ದಣಿದಿದ್ದರು, ಮುಖ ನೋಡಿದರೆ ತಿಳಿಯುತ್ತಿತ್ತು.

"ಗಿರಿಜಾ, ಜಡ್ಡ ಆಗಿದ್ದು ನಿನಗ. ಟಿವಿಯಂವಗಲ್ಲ. ಅವನ ಮ್ಯಾಲಿನ ಸಿಟ್ಟಿಗಿ ನೀ ಸಾಯ್ತೇನಂದ್ರ ಅವಂಗ ಇನ್ನೊಂದ ಸುದ್ದಿ ಆಗ್ತೈತಿ, ಅಷ್ಟ. ನನಗ ಹೆಂಡ್ತಿ ಹೋಗ್ತಾಳ."

ಅದನ್ನು ಕೇಳಿ ನನಗೆ ಸಮಾಧಾನವೇನೂ ಆಗಲಿಲ್ಲ. ಇನ್ನೂ ಮೈ ಉರಿಯಿತು. ಆದರೆ ಆ ಹೊಲಸು ಬಾಯಿಯವನಿಗೆ ಇನ್ನೊಂದು ಸುದ್ದಿ ಕೊಡಬಾರದು ಎಂಬ ಹಟ ಹುಟ್ಟಿತು. ಹಟದಿಂದಲೇ ಗಾಡಿ ಹತ್ತಿದೆ. ಡಾಕ್ಟರಮ್ಮ ಬೈಯದೆ ಡೋಸ್ ಬದಲಿಸಿದರು.

ಆರಾಮವಾಗಲು ಬಹಳ ಕಾಲ ಹಿಡಿಯಿತು, ಪೂರ್ತಿ ಆಗಿಯೂ ಇಲ್ಲ. ಈಗಲೂ ಕೆಲವು ದಿನ ಚಿಲಕ ಮುಟ್ಟಿ ಸುಮ್ಮನೆ ನಿಂತುಬಿಡುತ್ತೇನೆ. ಹೊಸ ಲೇಪದ ಲಿಂಗ ಕೊರಳಿಗೆ ಬಂದಿದೆ. ಮಷೀನು ಮತ್ತೆ ನಡೆದಿದೆ. ಗಂಡ, ಅತ್ತೆ, ಡಾಕ್ಟರಮ್ಮ ಇರದಿದ್ದರೆ ನಾನಿರುತ್ತಿರಲಿಲ್ಲ. ಟಿವಿಯವರನ್ನು ಕ್ಷಮಿಸು ಎನ್ನುವವರೂ ಇದ್ದಾರೆ. ಟಿವಿಯವರು ಕ್ಷಮೆ ಕೇಳಲೇ ಇಲ್ಲ, ನಾನೇಕೆ ಕೊಡಲಿ?

ಹೋದ ತಿಂಗಳು ಗುಳಿಗೆಗೆಂದು ಓಪಿಡಿಯ ಬೆಂಚಿನ ಮೇಲೆ ಕುಳಿತಿದ್ದೆ. ಎದುರಿಗೆ ಒಬ್ಬ ಹೆಂಗಸು ಸೆರಗಿನಲ್ಲಿ ಕೈ ಮುಚ್ಚಿಕೊಂಡು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಹತ್ತಿರ ಬಂದಳು.

"ಖಾನಾಪುರದ ಟೇಲರ್ ಅಕ್ಕಾರಲ್ರಿ? ಟಿವಿಯಾಗ ಬಂದಿದ್ರಿ. ಒಮ್ಮೆ ನಿಮ್ಮ ಕಡೆ ಬ್ಲೌಸ ಹೊಲಿಸಿದ್ದೆ, ಬೋರ್ಡ ನೋಡಿ ಗುರ್ತ ಹಿಡದೆ. ನಮ್ಮೂರ ನಂದಗಡರಿ."

ಒಂದು ಬಿರುಸು ಮಾತು ನಾಲಿಗೆಯ ತುದಿಗೇ ಬಂದಿತ್ತು.

"ನನಗೂ ಆವಾಗಿಂದನ ಇದ ಜಡ್ಡ ಐತ್ರಿ, ಅಕ್ಕಾ" ಎಂದಳು. "ನಮ್ಮನ್ಯಾಗ ನನ್ನ ಕರಕೊಂಡ ಬೆಳಗಾವಿಗಿ ಹೊಂಟಿದ್ರು. ಅವತ್ತ ನಿಮ್ಮನ್ನ ತೋರಿಸಿದ್ರು. ನನ್ನೂ ಹಂಗ ತೋರಿಸಿದ್ರ ಅಂತ ಅಂಜಿ, ಇಷ್ಟ ವರ್ಷ ಬರಲೇ ಇಲ್ಲ."

ಸೆರಗು ಸರಿಸಿ ಕೈ ತೋರಿಸಿದಳು. ನೋಡಲಾಗಲಿಲ್ಲ.

ಆ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರೆಂದು ಚಾನೆಲ್ಲಿನವರು ಲೆಕ್ಕ ಇಟ್ಟಿರುತ್ತಾರೆ. ನೋಡಿ ಎಷ್ಟು ಜನ ಮನೆಯಲ್ಲೇ ಉಳಿದರು ಎಂಬುದನ್ನು ಯಾರು ಇಟ್ಟಿದ್ದಾರೆ?

ಬೆಂಚಿನ ಮೇಲೆ ಸರಿದು ಜಾಗ ಮಾಡಿದೆ. "ಈಗರ ಬಂದ್ರಲ್ಲ, ಕುಂದರ್ರಿ" ಎಂದೆ. ಅವಳ ಹೆಸರು ಕೂಗುವವರೆಗೂ ಇಬ್ಬರೂ ಅಲ್ಲೇ ಕುಳಿತಿದ್ದೆವು. ಕೂಗಿದಾಗ ಅವಳು ಸೆರಗಿನಲ್ಲಿ ಮತ್ತೆ ಕೈ ಮುಚ್ಚಿಕೊಂಡು, ನನ್ನ ಕಡೆ ನೋಡುತ್ತ ಎದ್ದಳು. ನಾನೂ ಜೊತೆಗೆ ಎದ್ದೆ.