ಎರಡು ಟಿವಿ, ಒಂದು ಆಂಟೆನಾ

ಅಪ್ಪ ಅಮ್ಮ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕುರ್ಲಾದ ಬಿಲ್ಡಿಂಗಿನಲ್ಲಿ ಅವರದು ಒಂದು ಹಾಲ್, ಒಂದು ಅಡುಗೆಮನೆ, ಅಷ್ಟೆ. ಫೋರ್ಟ್ ಏರಿಯಾದ ಆಫೀಸಿನಿಂದ ರಿಟೈರ್ ಆದ ಅಪ್ಪ ಹಾಲಿನಲ್ಲಿ, ಅಮ್ಮ ಒಳಗೆ. ಇಬ್ಬರ ನಡುವೆ ಉಳಿದದ್ದು ಟಿವಿ ಜಗಳ ಒಂದೇ. ಅವರಿಗೆ ವಾರ್ತೆ ಬೇಕು, ಇವಳಿಗೆ ಮರಾಠಿ ಧಾರಾವಾಹಿ. ಕೊನೆಗೆ ಅಮ್ಮ, ಮದುವೆಯಾಗಿ ಮುಲುಂಡಿನಲ್ಲಿದ್ದ ನನಗೆ ಫೋನ್ ಮಾಡಿ, ಅಡುಗೆಮನೆಗೆ ಬೇರೆ ಟಿವಿ ಹಾಕಿಸಿಕೊಡು ಅಂದಳು.

ನಮ್ಮ ಮನೆಯ ಹಳೇ ಟಿವಿ ಒಯ್ದೆ. ಆದರೆ ಟೆರೇಸಿನ ಆಂಟೆನಾದಿಂದ ಇಳಿದುಬರುವ ವೈರು ಒಂದೇ. ಸ್ಟೇಷನ್ ಪಕ್ಕದ ಅಂಗಡಿಯವನು ಎರಡು ಬಗೆಯ ಸ್ಪ್ಲಿಟರ್ ತೋರಿಸಿದ. ಒಂದು ಸಿಗ್ನಲನ್ನು ಸಮವಾಗಿ ಹಂಚುತ್ತದಂತೆ, ಇನ್ನೊಂದು ಒಂದು ಟಿವಿಗೆ ಹೆಚ್ಚು ಕೊಟ್ಟು ಮತ್ತೊಂದಕ್ಕೆ ಚೂರು ಬಿಡುತ್ತದಂತೆ. ಮನೆಯಲ್ಲಿ ಯಾವ ಟಿವಿ ಮುಖ್ಯ ಅಂತ ಹಿಂದಿಯಲ್ಲಿ ಕೇಳಿದ. ನಾನು ಸಮಪಾಲಿನದನ್ನೇ ತಂದೆ.

ಇಬ್ಬರಿಗೂ ನೆಟ್ಟಗೆ ಬರಲಿಲ್ಲ. ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು.

"ಅವಳ ವೈರು ಕಿತ್ತುಹಾಕು," ಅಂದರು ಅಪ್ಪ, ಅಮ್ಮ ಅಲ್ಲೇ ಬಾಗಿಲಲ್ಲಿ ನಿಂತಿದ್ದಾಗ.

ಮತ್ತೆ ಅಂಗಡಿಗೆ ಹೋದೆ. ಆಂಪ್ಲಿಫೈಯರ್ ಬೇಕು ಅಂದ. ಅದನ್ನು ಟಿವಿ ಹತ್ತಿರ ಹಾಕಿದರೆ ಸಿಗ್ನಲ್ ಜೊತೆ ಕಸವೂ ದೊಡ್ಡದಾಗುತ್ತದೆ, ಸ್ಪ್ಲಿಟರಿಗಿಂತ ಮುಂಚೆ, ಆಂಟೆನಾದ ಬುಡದಲ್ಲೇ ಹಾಕಿಸಿ ಅಂದ. ಅತಿ ಶಕ್ತಿಯದು ಕೊಂಡರೆ ಅದರಿಂದಲೂ ಚಿತ್ರ ಕೆಡುತ್ತದೆ ಅಂತ ಚಿಕ್ಕದನ್ನೇ ಕೊಟ್ಟ. ಎಲೆಕ್ಟ್ರಿಷಿಯನ್ ಕೂರಿಸಿದ ಮೇಲೆ ಎರಡೂ ಕಡೆ ಚಿತ್ರ ನಿಚ್ಚಳವಾಯಿತು. ಅಂದಿನಿಂದ ಜಗಳವೂ ನಿಂತಿತು. ಅಮ್ಮ ಅಡುಗೆ ಮಾಡಿ ಸ್ಟೂಲಿನ ಮೇಲೆ ತಟ್ಟೆ ಇಡುತ್ತಿದ್ದಳು, ಅಪ್ಪ ಉಂಡು ಅಲ್ಲೇ ಬಿಡುತ್ತಿದ್ದರು.

ಮಳೆಗಾಲದ ಒಂದು ಸಂಜೆ ಅಪ್ಪ ಕುರ್ಚಿಯಿಂದ ಜಾರಿ ಬಿದ್ದರು. ಅಮ್ಮ ತಟ್ಟೆ ಹಿಡಿದು ಬಂದಾಗ ಮೈ ತಣ್ಣಗಾಗಿತ್ತು. ವಾರ್ತೆ ಓಡುತ್ತಲೇ ಇತ್ತು.

ಲೋಕಲ್ ಟ್ರೇನ್ ಹಿಡಿದು ನಾನು ಹೋಗುವಷ್ಟರಲ್ಲಿ ಅಕ್ಕಪಕ್ಕದವರು ಸೇರಿದ್ದರು. ಅಮ್ಮ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಏನೋ ಸದ್ದು ಕೇಳಿಸ್ತು ಕಣೇ. ಅವರ ಟಿವೀದು ಅಂದ್ಕೊಂಡೆ. ನನ್ನದರ ವಾಲ್ಯೂಮ್ ಜಾಸ್ತಿ ಮಾಡ್ದೆ."

ಆಗಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಹೇಳಲಾರೆ ಅಂದರು ಡಾಕ್ಟರು. ಉಳಿಯುತ್ತಿರಲಿಲ್ಲವಂತೆ ಅಂತ ನಾನು ಅಮ್ಮನಿಗೆ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ.

ಈಗ ನಮ್ಮ ಮನೆಯಲ್ಲಿದ್ದಾಳೆ. ಬಚ್ಚಲಲ್ಲಿ ಚೊಂಬು ಬಿದ್ದರೂ ಎದ್ದು ಹೋಗಿ ಬಾಗಿಲು ತಟ್ಟುತ್ತಾಳೆ. ಒಳಗಿದ್ದವರು ಮಾತಾಡುವವರೆಗೂ ಅಲ್ಲಿಂದ ಕದಲುವುದಿಲ್ಲ.