ಬಾಗಿಲಾಚೆ ತಮ್ಮನ ಮುಖ

ಇದು ಕಟ್ಟುಕಥೆಯಲ್ಲ. ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಆ ರಾತ್ರಿ ಕುಡುಗೋಲು ಹಿಡಿದು ನಿಂತಿದ್ದವಳು ನಾನೇ.

ಹೆದ್ದಾರಿಯುದ್ದಕ್ಕೂ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಬೈರಾಪಟ್ಟಣದಿಂದ ರಾಮನಗರದ ಕಡೆಯ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆ. ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ಕಣ್ಣು ಮುಚ್ಚಿ ಮಾಡುತ್ತಿದ್ದವಳು ಒಂದು ದಿನ ಕಾಲರ್ ಹಿಡಿದು ಸುಮ್ಮನೆ ಕುಳಿತುಬಿಟ್ಟೆ. ಮುಂದೇನು ಮಾಡಬೇಕೆಂದೇ ಹೊಳೆಯಲಿಲ್ಲ. ಯಾರು ಮಾತಾಡಿದರೂ ಅರ್ಧ ಮಾತಷ್ಟೇ ತಲೆಯಲ್ಲಿ ಉಳಿಯುತ್ತಿತ್ತು...

ಆಮೇಲೊಂದು ದಿನ ನೀರು ಕುಡಿಯುತ್ತಿದ್ದಾಗ ಮಷಿನುಗಳ ಸದ್ದಿನೊಳಗಿಂದ ಇಬ್ಬರು ಗಂಡಸರು ಮಾತಾಡತೊಡಗಿದರು.

"ನೋಡ್ಲಾ, ನೀರು ಕುಡೀತಾವ್ಳೆ."

"ಅವ್ಳಿಗೆ ಗೊತ್ತಾಗ್ಬುಡ್ತು ಕಣ್ಲಾ."

ತಿರುಗಿದರೆ ಯಾರೂ ಇಲ್ಲ. ಪಕ್ಕದ ಹುಡುಗಿ ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ಇವಳೂ ಅವರ ಕಡೆಯವಳೇ ಇರಬೇಕು...

ಆ ರಾತ್ರಿ ಕರೆಂಟ್ ಹೋಗಿತ್ತು. ಅವ್ವ ಬುಡ್ಡಿ ದೀಪದ ಬೆಳಕಲ್ಲಿ ಮುದ್ದೆ ಬಡಿಸಿದಳು. ಸಾರಿನಿಂದ ಬೆಳೆಗೆ ಹೊಡೆಯುವ ಔಷಧಿಯ ವಾಸನೆ ಬರುತ್ತಿತ್ತು.

"ಒಸಿ ಉಣ್ಣವ್ವ. ಡಬ್ಬಿ ಅನ್ನ ಅಂಗೇ ಐತೆ."

ನನ್ನ ಚೀಲ ಇವಳು ಯಾಕೆ ತಡಕಿದಳು?

"ನೀನು ಮೊದ್ಲು ತಿನ್ನು," ಎಂದೆ.

ಅವ್ವ ನನ್ನನ್ನೇ ನೋಡುತ್ತ ಒಂದು ತುತ್ತು ನುಂಗಿದಳು.

"ನಾಟ್ಕ ಆಡ್ತಾವ್ಳೆ," ಎಂದರು ಆ ಗಂಡಸರು. ಮಷಿನಿನ ಸದ್ದಿಲ್ಲದಿದ್ದರೂ ನನ್ನ ಹಿಂದೆಯೇ ಮನೆಗೆ ಬಂದುಬಿಟ್ಟಿದ್ದರು!

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ಅಕ್ಕಾ, ನಾನು ಮಹೇಶ. ಬಾಗ್ಲು ತಗಿ."

ಕಿಟಕಿಯಿಂದ ಇಣುಕಿದೆ. ತಮ್ಮನದೇ ದನಿ, ತಮ್ಮನದೇ ಮುಖ. ಆದರೆ ಅವನಲ್ಲ. ಹೇಗೆ ಗೊತ್ತಾಯಿತು ಎಂದು ಕೇಳಬೇಡಿ... ಆ ಮುಖದೊಳಗೆ ಬೇರೆ ಯಾರೋ ಕೂತು ನನ್ನನ್ನು ನೋಡುತ್ತಿದ್ದರು.

"ನಿನ್ ತಮ್ಮನ್ನ ಮುಗಿಸ್ಬುಟ್ಟು ಬಂದವ್ನೆ. ಹೊಡಿ!" ಎಂದರು ಅದೇ ಗಂಡಸರು.

ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲು ಎಳೆದುಕೊಂಡೆ. ಅವ್ವ ಅದನ್ನು ಕಾಣದೆ ಚಿಲಕ ತೆಗೆದಳು. ಅವನು ಒಳಗೆ ಕಾಲಿಟ್ಟ. ಅವನ ಕತ್ತಿಗೆ ಬೀಸಲು ಕೈ ಎತ್ತಿದೆ.

"ಬ್ಯಾಡ ಮಗಾ... ಕೆಳಕ್ ಮಡಗು."

ಕಿವಿಗೆ ತಾಗುವಷ್ಟು ಹತ್ತಿರ, ಮೆತ್ತನೆಯ ಹೆಂಗಸಿನ ದನಿ. ನನ್ನ ಕೈ ತಾನಾಗಿ ಇಳಿಯಿತು. ಮಹೇಶ ಕುಡುಗೋಲು ಕಿತ್ತೆಸೆದು ನನ್ನನ್ನು ತಬ್ಬಿಕೊಂಡ. ಆಗಲೂ ಅವನ ಮೇಲಿನ ಅನುಮಾನ ಹೋಗಿರಲಿಲ್ಲ.

ಬೆಳಿಗ್ಗೆ ಅವನೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ.

"ದೆವ್ವ ಅಲ್ಲಮ್ಮ, ಸ್ಕಿಜೋಫ್ರೇನಿಯಾ ಅನ್ನೋ ಕಾಯಿಲೆ," ಎಂದರು ಡಾಕ್ಟರು. "ಆ ವಾಸನೆ, ಮಾತು, ಅನುಮಾನ, ಎಲ್ಲ ಅದರಿಂದಲೇ."

ಮಾತ್ರೆ ಶುರುವಾದ ಕೆಲವು ತಿಂಗಳಲ್ಲಿ ಗಂಡಸರ ದನಿ ಅಡಗಿತು. ತಮ್ಮ ಮತ್ತೆ ತಮ್ಮನಾದ. ಕೆಲಸಕ್ಕೂ ಹೋದೆ, ಕೈ ಮಾತ್ರ ಮೊದಲಿಗಿಂತ ನಿಧಾನ.

ಒಮ್ಮೆ ಅವ್ವನನ್ನು ಕೇಳಿದೆ, "ಆವತ್ತು ಬ್ಯಾಡ ಮಗಾ ಅಂದದ್ದು ನೀನೇ ಅಲ್ವಾ?"

"ಇಲ್ಲ ಕಣವ್ವ. ನಂಗೆ ಕೂಗಾಕೂ ಬಾಯಿ ಬರ್ನಿಲ್ಲ."

ಮಹೇಶನಿಗೂ ಯಾವ ಮಾತೂ ಕೇಳಿಸಿರಲಿಲ್ಲ.

ಅದೂ ಕಾಯಿಲೆಯದೇ ದನಿ ಎಂದರು ಡಾಕ್ಟರು. ಇರಬಹುದು. ನಾನು ಒಂದು ದಿನವೂ ಮಾತ್ರೆ ತಪ್ಪಿಸುವುದಿಲ್ಲ. ಆದರೆ ಹೊಡಿ ಎಂದವರ ಬಾಯಿ ಮುಚ್ಚಿಸಿದ ಮಾತ್ರೆ ಬೇಡ ಎಂದವಳ ಬಾಯಿಯನ್ನೂ ಮುಚ್ಚಿಸಿದೆ... ಅವಳು ಯಾರು? ಕೈಮುಗಿಯಬೇಕೋ, ಹೆದರಬೇಕೋ, ನನಗಿನ್ನೂ ಗೊತ್ತಾಗಿಲ್ಲ.